ಫುಟ್‌ಪಾತಿನ ಮೇಲೆ ಯಾರ ಹಕ್ಕು?

ರಸ್ತೆ ದಾಟುತ್ತಿದ್ದಾಗ ವಾಹನ ಬಡಿದು ಪಾದಚಾರಿ ಸಾವು. ಈ ಅರ್ಥದ ಸುದ್ದಿ ಓದದೆ ನಮ್ಮ ಒಂದು ವಾರವೂ ಕಳೆಯುವುದಿಲ್ಲ. ಪತ್ರಿಕೆಯ ಒಳಪುಟದಲ್ಲಿ, ಐದಾರು ಸಾಲುಗಳಲ್ಲಿ ಅದು ಮುಗಿದು ಹೋಗುತ್ತದೆ. ಸತ್ತವರ ವಯಸ್ಸು, ಊರು, ಪ್ರಕರಣ ದಾಖಲಿಸಿಕೊಂಡ ಠಾಣೆಯ ಹೆಸರು ಅದರಲ್ಲಿರುತ್ತವೆ. ಕೆಲವೊಮ್ಮೆ 'ಅಜಾಗರೂಕತೆಯಿಂದ' ಎಂಬ ಒಂದು ಪದವೂ ಸೇರಿಕೊಳ್ಳುತ್ತದೆ, ಅದೂ ಸತ್ತವರ ಹೆಸರಿನ ಪಕ್ಕದಲ್ಲಿಯೇ. ಆ ರಸ್ತೆ ಎಷ್ಟು ಅಗಲವಾಗಿತ್ತು, ದಾಟಲು ಗುರುತು ಮಾಡಿದ ಜಾಗ ಅಲ್ಲಿಂದ ಎಷ್ಟು ದೂರವಿತ್ತು, ಬೀದಿದೀಪ ಉರಿಯುತ್ತಿತ್ತೇ, ಬಸ್ಸಿನಿಂದ ಇಳಿದವರು ಎದುರಿನ ಬಡಾವಣೆಗೆ ಹೋಗಲು ಬೇರೆ ದಾರಿ ಇತ್ತೇ ಎಂದು ವರದಿ ಬರೆದವರು ಕೇಳುವುದಿಲ್ಲ. ಕೊಲೆಯ ಸುದ್ದಿಯಾಗಿದ್ದರೆ ಇಷ್ಟೆಲ್ಲವನ್ನೂ ಕೇಳುತ್ತಿದ್ದರು.

ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ದಿನಕ್ಕೆ ಸರಾಸರಿ ತೊಂಬತ್ತು ಜನ. ಬೆಂಗಳೂರಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. 2023ರಲ್ಲಿ ಅಲ್ಲಿ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡ ಸುಮಾರು ಒಂಬೈನೂರು ಜನರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಪಾದಚಾರಿಗಳೇ. ಇವರು ಯಾರ ಮೇಲೂ ಗಾಡಿ ಹತ್ತಿಸಿದವರಲ್ಲ, ಇವರಿಂದ ಯಾರ ಜೀವಕ್ಕೂ ಅಪಾಯವಿರಲಿಲ್ಲ. ಆದರೂ 'ರಸ್ತೆ ಸುರಕ್ಷತಾ ಸಪ್ತಾಹ' ಬಂದಾಗ ಶಾಲಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಡಕ್ಕೆ ನೋಡು ಬಲಕ್ಕೆ ನೋಡು ಎಂದು ಪಾಠ ಹೇಳುವುದೇ ನಮ್ಮಲ್ಲಿ ದೊಡ್ಡ ಕಾರ್ಯಕ್ರಮ. ಮಗುವಿಗೆ ಪಾಠ ಹೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದೇ ಉತ್ಸಾಹದಿಂದ ಆ ಶಾಲೆಯ ಗೇಟಿನ ಮುಂದಿನ ರಸ್ತೆಯನ್ನು ನಕ್ಷೆಯಲ್ಲಿ ಬರೆದ ಎಂಜಿನಿಯರನ್ನೂ ಸಾಲಿನಲ್ಲಿ ನಿಲ್ಲಿಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ನಡೆಯುವವನೇ ತಪ್ಪಿತಸ್ಥ ಎಂಬ ಈ ಭಾವನೆ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೊಂದು ಚರಿತ್ರೆ ಇದೆ. ಅಮೆರಿಕದ ನಗರಗಳಲ್ಲಿ ಮೋಟಾರು ಕಾರು ಬರುವುದಕ್ಕೆ ಮುಂಚೆ ಬೀದಿ ಎಲ್ಲರದ್ದಾಗಿತ್ತು. ಮಕ್ಕಳು ಅಲ್ಲಿ ಆಡುತ್ತಿದ್ದರು, ಗಾಡಿ ತಳ್ಳುವವರು ಅಲ್ಲೇ ವ್ಯಾಪಾರ ಮಾಡುತ್ತಿದ್ದರು. ಕಾರುಗಳು ಬಂದು ಮಕ್ಕಳು ಸಾಯತೊಡಗಿದಾಗ ಜನರ ಸಿಟ್ಟು ಕಾರಿನ ಮೇಲೆ ತಿರುಗಿತು. ಆಗ, 1920ರ ದಶಕದಲ್ಲಿ, ಕಾರು ಉದ್ಯಮಕ್ಕೆ ಸೇರಿದವರು 'ಜೇವಾಕರ್' ಎಂಬ ಬೈಗುಳವನ್ನು ಪ್ರಚಾರಕ್ಕೆ ತಂದರು. 'ಜೇ' ಎಂದರೆ ಹಳ್ಳಿಗಮಾರ, ಪಟ್ಟಣದ ರೀತಿನೀತಿ ಅರಿಯದವನು ಎಂದರ್ಥ. ಎಲ್ಲಿ ಬೇಕೆಂದರಲ್ಲಿ ರಸ್ತೆ ದಾಟುವವನು ಗಮಾರ ಎಂದು ಜನರೇ ನಗುವಂತೆ ಮಾಡಿದರೆ ಕಾರಿನ ವೇಗವನ್ನು ಯಾರೂ ಪ್ರಶ್ನಿಸುವುದಿಲ್ಲ ಎಂಬ ಲೆಕ್ಕಾಚಾರ ಫಲಿಸಿತು. ಪೀಟರ್ ನಾರ್ಟನ್ ಎಂಬ ಇತಿಹಾಸಕಾರ 2008ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಥೆ ವಿವರವಾಗಿ ಇದೆ. ಅಲ್ಲಿಂದ ಬಂದ ಬೈಗುಳ ಇಂದು ನಮ್ಮ ಟ್ರಾಫಿಕ್ ಪೊಲೀಸರ ಬಾಯಲ್ಲೂ ಇದೆ. ಹಳ್ಳಿಯಿಂದ ಕೂಲಿಗೆ ಬಂದವನನ್ನು ರಸ್ತೆಯ ನಡುವೆ ಕಂಡಾಗ ಕಾರಿನ ಗಾಜು ಇಳಿಸಿ ನಾವು ಆಡುವ ಮಾತಿನಲ್ಲೂ ಅದೇ ಧ್ವನಿ ಇದೆ.

ಬೆಂಗಳೂರು ಮೂಲತಃ ನಡೆಯುವವರ ಊರು. 1537ರಲ್ಲಿ ಕೆಂಪೇಗೌಡ ಕಟ್ಟಿದ ಪೇಟೆಯನ್ನು ಈಗಲೂ ಒಮ್ಮೆ ಸುತ್ತಿ ನೋಡಿದರೆ ಇದು ತಿಳಿಯುತ್ತದೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ನಗರ್ತಪೇಟೆ, ಕುಂಬಾರಪೇಟೆ, ಸುಲ್ತಾನ್‌ಪೇಟೆ ಎಲ್ಲವೂ ಒಂದರ ಮಗ್ಗುಲಿಗೆ ಒಂದು. ಬೆಳಗ್ಗೆ ಹೊರಟವನು ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲವನ್ನೂ ಕಾಲ್ನಡಿಗೆಯಲ್ಲೇ ಮುಗಿಸಬಹುದು. ದಂಡು ಪ್ರದೇಶ ಬೆಳೆದದ್ದು 1809ರ ನಂತರ, ಬ್ರಿಟಿಷರ ಕಾಲದಲ್ಲಿ. ಅಲ್ಲಿ ಸೈನ್ಯ ಸಾಗಲು ಅಗಲವಾದ ರಸ್ತೆಗಳಿದ್ದವು. ಆದರೆ ಅದೇ ದಂಡಿನ ಬೆನ್ನಿಗೆ ಅಂಟಿಕೊಂಡು ಬೆಳೆದ ಶಿವಾಜಿನಗರ, ರಸೆಲ್ ಮಾರುಕಟ್ಟೆ, ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಗಳು ಮತ್ತೆ ಪೇಟೆಯ ಹಾಗೆಯೇ ನಡೆದಾಡುವವರ ಅಳತೆಯಲ್ಲಿ ಬೆಳೆದವು. ಮಾಂಸ, ತರಕಾರಿ, ಹಳೇ ಗುಜರಿ, ಬಟ್ಟೆ, ದರ್ಜಿ, ದವಾಖಾನೆ, ಮಸೀದಿ, ಚರ್ಚು, ಗುಡಿ ಎಲ್ಲಕ್ಕೂ ಇಲ್ಲಿ ನಡಿಗೆಯೇ ಸಾಕು. ಗಿರಾಕಿ ನಡೆದು ಬರುವುದರಿಂದಲೇ ಈ ವ್ಯಾಪಾರ ನಡೆಯುತ್ತದೆ.

ಈ ಊರಿನ ನೆತ್ತಿಯ ಮೇಲೆ ಮೊದಲ ದೊಡ್ಡ ಮೇಲ್ಸೇತುವೆ ಬಂದದ್ದು 1999ರಲ್ಲಿ, ಪುರಭವನದ ಕಡೆಯಿಂದ ಸಿರ್ಸಿ ವೃತ್ತದವರೆಗೆ. ಎರಡೂವರೆ ಕಿಲೋಮೀಟರಿಗೂ ಉದ್ದದ ಅದು ಕೃಷ್ಣರಾಜ ಮಾರುಕಟ್ಟೆಯನ್ನು ದಾಟಿಕೊಂಡು ಹೋಗುತ್ತದೆ. ಮೇಲೆ ಕಾರುಗಳು ಹೋಗುತ್ತವೆ. ಕೆಳಗೆ ಹೂವಿನ ಬುಟ್ಟಿ ಹೊತ್ತವರು, ಮೂಟೆ ಹೊರುವ ಹಮಾಲರು, ಬಸ್ಸಿಗೆ ಓಡುವವರು ಕಂಬಗಳ ನಡುವೆ ಜಾಗ ಹುಡುಕುತ್ತಾರೆ. ಮಾರುಕಟ್ಟೆಗೆ ಬಂದವರಿಗೆ ಆ ಸೇತುವೆಯಿಂದ ಏನು ಉಪಯೋಗವಾಯಿತು ಎಂದು ಕೇಳಿದರೆ ನೆರಳು ಎನ್ನಬಹುದು. ಮಳೆಗಾಲದಲ್ಲಿ ಅದೂ ಸೋರುತ್ತದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯನ್ನು 'ಸಿಗ್ನಲ್ ಮುಕ್ತ' ಮಾಡುವ ಹುಚ್ಚು ಹಿಡಿಯಿತು. ಮ್ಯಾಜಿಕ್ ಬಾಕ್ಸ್ ಎಂದು ಕರೆದ ಕಾಂಕ್ರೀಟು ಪೆಟ್ಟಿಗೆಗಳನ್ನು ಹೂತು ಅಂಡರ್‌ಪಾಸುಗಳನ್ನು ಮಾಡಿದರು. 'ಸಿಗ್ನಲ್ ಮುಕ್ತ' ಎಂಬ ಮಾತನ್ನು ನಮ್ಮ ರಾಜಕಾರಣಿಗಳು ಹೆಮ್ಮೆಯಿಂದ ಹೇಳುತ್ತಾರೆ, ನಾವೂ ಹೆಮ್ಮೆಯಿಂದ ಕೇಳುತ್ತೇವೆ. ಸಿಗ್ನಲ್ ಎಂದರೆ ಕಾರಿನಲ್ಲಿರುವವನಿಗೆ ತಡೆ, ನಡೆಯುವವನಿಗೆ ರಸ್ತೆ ದಾಟಲು ಸಿಗುವ ಒಂದೇ ಒಂದು ಅವಕಾಶ. ಅದನ್ನು ಕಿತ್ತು ಹಾಕಿದ ಮೇಲೆ ಆತ ಏನು ಮಾಡಬೇಕು? ಗಾಡಿಗಳ ನಡುವೆ ಕೈ ಎತ್ತಿ ಓಡಬೇಕು. ಸತ್ತರೆ 'ಅಜಾಗರೂಕತೆ'.

ಕರಾವಳಿಯಲ್ಲಿ ಕೂತು ಬೆಂಗಳೂರನ್ನು ಬೈಯುವುದು ಸುಲಭ ಎಂದು ಕೆಲವರು ಹೇಳಬಹುದು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಹತ್ತು ವರ್ಷ ಎಳೆದಾಡಿ 2020ರ ಜನವರಿ ಕೊನೆಯಲ್ಲಿ ತೆರೆಯಿತು. ಅದರ ಬಗ್ಗೆ ಹುಟ್ಟಿದ ಜೋಕುಗಳಿಗೆ ಲೆಕ್ಕವಿಲ್ಲ. ಆದರೆ ಆ ಹತ್ತು ವರ್ಷವೂ ಅಲ್ಲಿ ಬಸ್ಸಿಳಿದು ದಾಟುತ್ತಿದ್ದವರ ಪಾಡು ಯಾವ ಜೋಕಿನಲ್ಲೂ ಬರಲಿಲ್ಲ. ಅಲ್ಲಿಯೂ ನಮಗೆ ಕಂಡದ್ದು ಕಾರಿನವರ ಕಷ್ಟವೇ.

ಸಿಗ್ನಲ್ ತೆಗೆದ ಪಾಪಕ್ಕೆ ಪರಿಹಾರವಾಗಿ ಬಂದದ್ದು ಸ್ಕೈವಾಕ್. ಬೆಂಗಳೂರಿನ ಬಹುತೇಕ ಸ್ಕೈವಾಕುಗಳು ಖಾಸಗಿಯವರು ಕಟ್ಟಿ, ಅದರ ಮೇಲೆ ಜಾಹೀರಾತು ಹಾಕಿ ಹಣ ಮಾಡಿಕೊಳ್ಳುವ ಒಪ್ಪಂದದ ಮೇಲೆ ಬಂದವು. ಹಾಗಾಗಿ ಅವು ಎಲ್ಲಿ ಎದ್ದವು ಎಂಬುದರಲ್ಲಿ ಜನ ದಾಟುವ ಜಾಗಕ್ಕಿಂತ ಜಾಹೀರಾತು ಚೆನ್ನಾಗಿ ಕಾಣುವ ಜಾಗಕ್ಕೆ ಬೆಲೆ ಹೆಚ್ಚಾದದ್ದು ಆಶ್ಚರ್ಯವಲ್ಲ. ನಗರದ ರಸ್ತೆಯ ಮೇಲೆ ವಾಹನ ಹೋಗಲು ಐದೂವರೆ ಮೀಟರ್ ಎತ್ತರ ಬಿಡಬೇಕು. ಸೇತುವೆಯ ದಪ್ಪವನ್ನೂ ಸೇರಿಸಿದರೆ ಆರು ಮೀಟರ್. ಒಂದು ಮೆಟ್ಟಿಲಿಗೆ ಹದಿನೈದು ಸೆಂಟಿಮೀಟರ್ ಎಂದರೂ ನಲವತ್ತು ಮೆಟ್ಟಿಲು ಹತ್ತಬೇಕು, ನಲವತ್ತು ಇಳಿಯಬೇಕು. ಮಂಡಿನೋವಿನ ಅಜ್ಜಿ, ಗರ್ಭಿಣಿ, ಎರಡು ಕೈಯಲ್ಲೂ ಚೀಲ ಹಿಡಿದವಳು, ಊರುಗೋಲಿನವನು ಇಷ್ಟನ್ನೂ ಹತ್ತಿ ಇಳಿಯಬೇಕು. ಯಾಕೆಂದರೆ ಕಾಲಿನ ಕೆಳಗೆ ಎಂಜಿನ್ ಇರುವವನು ಬ್ರೇಕ್ ಒತ್ತುವಂತಾಗಬಾರದು. ಲಿಫ್ಟ್ ಇದೆಯಲ್ಲ ಎನ್ನಬಹುದು. ಲಿಫ್ಟಿನ ಬಾಗಿಲಿಗೆ ಬೀಗ ಹಾಕಿದ್ದನ್ನು ನೋಡದ ಬೆಂಗಳೂರಿಗ ಸಿಗುವುದು ಕಷ್ಟ.

ದಾಟುವ ಸಮಯದ ಲೆಕ್ಕವನ್ನೂ ನೋಡಿ. ಎಂಜಿನಿಯರುಗಳು ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಸಾಮಾನ್ಯವಾಗಿ ಹಿಡಿಯುತ್ತಾರೆ. ಮೂರೂವರೆ ಮೀಟರಿನ ಆರು ಪಥಗಳ ರಸ್ತೆ ಎಂದರೆ 21 ಮೀಟರ್. ಗಟ್ಟಿಮುಟ್ಟಾದವನಿಗೆ ಹದಿನೇಳು ಹದಿನೆಂಟು ಸೆಕೆಂಡು ಸಾಕು. ಸೆಕೆಂಡಿಗೆ 0.8 ಮೀಟರ್ ನಡೆಯುವ ಮುದುಕನಿಗೆ ಇಪ್ಪತ್ತಾರು ಸೆಕೆಂಡು ಬೇಕು. ಹಸಿರು ಗೊಂಬೆ ಹದಿನೈದು ಸೆಕೆಂಡಿಗೆ ಆರಿಹೋದರೆ ಆತ ಇನ್ನೂ ರಸ್ತೆಯ ನಡುವೆ ಇರುತ್ತಾನೆ.

ಇನ್ನು ನಮ್ಮ ಫುಟ್‌ಪಾತಿನ ವಿಷಯ. ಅದು ನಡೆಯುವುದಕ್ಕೆಂದು ಮಾಡಿದ್ದೇ ಅಲ್ಲ, ಚರಂಡಿಯ ಮುಚ್ಚಳ. ಮಳೆನೀರಿನ ಚರಂಡಿ ತೋಡಿ, ಮೇಲೆ ಕಲ್ಲು ಚಪ್ಪಡಿ ಹಾಸಿದರೆ ಬೆಂಗಳೂರಿನ ಬಹುಪಾಲು ಫುಟ್‌ಪಾತು ತಯಾರು. ಹೂಳೆತ್ತಲು ಚಪ್ಪಡಿ ಎತ್ತುತ್ತಾರೆ, ಕೆಲಸ ಮುಗಿದ ಮೇಲೆ ಹಾಗೇ ವಾಲಿಸಿ ಹೋಗುತ್ತಾರೆ. ಮಳೆ ಬಂದು ನೀರು ತುಂಬಿದಾಗ ಯಾವ ಚಪ್ಪಡಿ ಇದೆ, ಯಾವುದಿಲ್ಲ ಎಂದು ತಿಳಿಯುವುದಿಲ್ಲ. ಚರಂಡಿ ಆಳವಾದಷ್ಟೂ ಮೇಲಿನ ಫುಟ್‌ಪಾತು ಎತ್ತರವಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪಾದಚಾರಿ ಸೌಲಭ್ಯಗಳಿಗಾಗಿ ಪರಿಷ್ಕರಿಸಿದ ನಿಯಮಾವಳಿ ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ. ಅಂದರೆ ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ದಾಟಿಕೊಳ್ಳುವಷ್ಟು. ಅಷ್ಟು ಅಗಲದಲ್ಲಿ ನಮ್ಮವರು ಟ್ರಾನ್ಸ್‌ಫಾರ್ಮರ್ ಇಡುತ್ತಾರೆ, ಕೇಬಲ್ ಸುರುಳಿ ಬಿಡುತ್ತಾರೆ, ಪ್ರತಿ ಮನೆಯ ಗೇಟಿನ ಮುಂದೆ ಕಾರು ಹತ್ತಲು ಇಳಿಜಾರು ಕಟ್ಟುತ್ತಾರೆ. ಒಂದು ಮನೆ ದಾಟುವಷ್ಟರಲ್ಲಿ ಎರಡು ಸಲ ಇಳಿದು ಎರಡು ಸಲ ಹತ್ತಬೇಕು. ಬೇಸತ್ತ ಜನ ರಸ್ತೆಗೆ ಇಳಿದು ನಡೆಯುತ್ತಾರೆ. ಆಗ ಫುಟ್‌ಪಾತು ಖಾಲಿ ಇದೆ, ಜನರಿಗೆ ಶಿಸ್ತಿಲ್ಲ ಎಂಬ ಟೀಕೆ ಬರುತ್ತದೆ. ಖಾಲಿ ಕಂಡಲ್ಲಿ ಸ್ಕೂಟರುಗಳು ನುಗ್ಗುತ್ತವೆ. ಅವುಗಳನ್ನು ತಡೆಯಲು ಕಲ್ಲುಕಂಬ ನೆಡುತ್ತಾರೆ. ಆ ಕಂಬಗಳ ನಡುವೆ ಸ್ಕೂಟರು ಹೇಗೋ ನುಸುಳುತ್ತದೆ, ಗಾಲಿಕುರ್ಚಿ ನುಸುಳುವುದಿಲ್ಲ.

ಒಳ್ಳೆಯ ಕೆಲಸ ಆಗಲೇ ಇಲ್ಲ ಎಂದಲ್ಲ. ಟೆಂಡರ್‌ಶ್ಯೂರ್ ಎಂಬ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ವಿಠಲ್ ಮಲ್ಯ ರಸ್ತೆ ಮೊದಲಾದ ಕೆಲವು ರಸ್ತೆಗಳನ್ನು ಕಳೆದ ದಶಕದ ನಡುವೆ ಹೊಸದಾಗಿ ಮಾಡಿದರು. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ಫುಟ್‌ಪಾತಿನಡಿ ಬೇರೆ ಬೇರೆ ಕೊಳವೆ ಹಾಕಿ, ಮತ್ತೆ ಮತ್ತೆ ಅಗೆಯುವ ಕಾಯಿಲೆಗೆ ಮದ್ದು ಕಂಡುಹಿಡಿದರು. ವಾಹನಗಳ ಪಥವನ್ನು ಒಂದೇ ಅಗಲಕ್ಕೆ ಇಳಿಸಿ, ಉಳಿದ ಜಾಗವನ್ನು ನಡೆಯುವವರಿಗೆ ಬಿಟ್ಟರು. ರಸ್ತೆ ಕಿರಿದಾಯಿತು, ಟ್ರಾಫಿಕ್ ಕೆಟ್ಟುಹೋಗುತ್ತದೆ ಎಂದು ಆಗ ಬೊಬ್ಬೆ ಹಾಕಿದವರಿಗೆ ಕಡಿಮೆಯಿರಲಿಲ್ಲ. ಇಂದು ಅಲ್ಲಿ ನಡೆದು ನೋಡಿದವರಿಗೆ ಇದು ಬೆಂಗಳೂರೇ ಎಂಬ ಅನುಮಾನ ಬರುತ್ತದೆ. 2018ರಲ್ಲಿ ಕಲ್ಲು ಹಾಸಿ ಹೊಸ ರೂಪ ಪಡೆದ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನ ನಿಲ್ಲಿಸಿ ಜನರನ್ನು ಬಿಟ್ಟರು. ಅಂಗಡಿಗಳು ಮುಳುಗಲಿಲ್ಲ.

ನನ್ನ ತಕರಾರು ಇರುವುದು ರಸ್ತೆಗಳ ಆಯ್ಕೆಯ ಬಗ್ಗೆ. ಮೊದಲ ಪಟ್ಟಿಯಲ್ಲಿದ್ದವೆಲ್ಲ ಮಾಲು, ಕ್ಲಬ್ಬು, ಕಂಪನಿ ಕಚೇರಿಗಳ ರಸ್ತೆಗಳು. ಟ್ಯಾನರಿ ರಸ್ತೆ ಅದರಲ್ಲಿರಲಿಲ್ಲ, ಗೋರಿಪಾಳ್ಯ ಇರಲಿಲ್ಲ, ಪಾದರಾಯನಪುರ ಇರಲಿಲ್ಲ. ಅತಿ ಹೆಚ್ಚು ಜನ ಅನಿವಾರ್ಯವಾಗಿ ನಡೆಯುವುದು ಇಂಥ ಕಡೆಗಳಲ್ಲಿ. ನಡೆಯುವುದು ಕೆಲವರಿಗೆ ಸಂಜೆಯ ಹವ್ಯಾಸ, ಹಲವರಿಗೆ ಬಸ್ಸಿನ ಹತ್ತು ರೂಪಾಯಿ ಉಳಿಸುವ ದಾರಿ. 2011ರ ಜನಗಣತಿ, ಬೇಸಾಯೇತರ ಕೆಲಸಗಾರರು ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂದು ಕೇಳಿತು. ದೇಶದಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನ ನಡೆದೇ ಹೋಗುತ್ತಿದ್ದರು. ಕಾರಿನಲ್ಲಿ ಹೋಗುವವರು ನೂರಕ್ಕೆ ಮೂವರೂ ಇರಲಿಲ್ಲ. ನಮ್ಮ ನಗರಗಳ ಬಜೆಟ್ಟನ್ನು ಓದಿದವರಿಗೆ ಈ ಲೆಕ್ಕ ತಿರುವುಮುರುವಾಗಿ ಕಾಣುತ್ತದೆ.

ಪಾದಚಾರಿಗಳ ಪರವಾಗಿ ಮಾತಾಡುವ ನಮ್ಮ ಮಧ್ಯಮವರ್ಗದ ಗೆಳೆಯರೊಂದಿಗೂ ನನಗೊಂದು ಜಗಳವಿದೆ. ಫುಟ್‌ಪಾತು ಬಿಡಿಸಿ ಎಂದು ಅವರು ಕೂಗಿದಾಗಲೆಲ್ಲ ಮೊದಲು ಹೋಗುವುದು ಬೀದಿ ವ್ಯಾಪಾರಿಯ ತಳ್ಳುಗಾಡಿ. 2023ರ ನವೆಂಬರಿನಲ್ಲಿ ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಆದದ್ದು ಇದೇ. ಸೊಪ್ಪು ಮಾರುವವಳ ಬುಟ್ಟಿಯನ್ನು ಎತ್ತಿ ಲಾರಿಗೆ ಹಾಕುವ ಕೈಗಳು, ಪಕ್ಕದಲ್ಲೇ ಅರ್ಧ ಫುಟ್‌ಪಾತಿನ ಮೇಲೆ ನಿಂತ ಕಾರಿನ ಹತ್ತಿರ ಸುಳಿಯುವುದಿಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಸಂಸತ್ತು ಕಾನೂನು ಮಾಡಿದೆ. ಮೊದಲು ಸಮೀಕ್ಷೆ ಮಾಡಿ, ವ್ಯಾಪಾರದ ವಲಯ ಗುರುತಿಸಿ, ಗುರುತುಪತ್ರ ಕೊಡಿ, ಅಲ್ಲಿಯವರೆಗೆ ಎಬ್ಬಿಸಬೇಡಿ ಎನ್ನುತ್ತದೆ ಅದು. ಫುಟ್‌ಪಾತಿನಲ್ಲಿ ಬದುಕುವವರ ಜೀವನೋಪಾಯ ಕೂಡ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಹೇಳಿತ್ತು. ಆದರೂ ನಡೆಯುವವನನ್ನೂ ಮಾರುವವನನ್ನೂ ಶತ್ರುಗಳಂತೆ ಎದುರುಬದುರು ನಿಲ್ಲಿಸುವುದರಲ್ಲಿ ವ್ಯವಸ್ಥೆ ಗೆದ್ದಿದೆ. ನಿಲ್ಲಿಸಿದ ಒಂದು ಕಾರು ಹತ್ತು ಚದರ ಮೀಟರಿಗೂ ಹೆಚ್ಚು ಜಾಗ ನುಂಗುತ್ತದೆ. ಅಷ್ಟರಲ್ಲಿ ಮೂರು ತಳ್ಳುಗಾಡಿಗಳು ಮೂರು ಮನೆಗಳನ್ನು ಸಾಕುತ್ತವೆ.

ರಾತ್ರಿ ಒಂಬತ್ತಕ್ಕೆ ಗಾರ್ಮೆಂಟ್ಸಿನಿಂದ ಅಥವಾ ಆಸ್ಪತ್ರೆಯ ಡ್ಯೂಟಿಯಿಂದ ಬರುವ ಹೆಣ್ಣುಮಗಳನ್ನು ಕೇಳಿದರೆ ಆಕೆ ಯಾವ ಬೀದಿಯನ್ನು ಆರಿಸಿಕೊಳ್ಳುತ್ತಾಳೆಂದು ತಿಳಿಯುತ್ತದೆ. ಎತ್ತರದ ಗೋಡೆಗಳ, ಸ್ವಚ್ಛವಾದ, ಖಾಲಿ ಫುಟ್‌ಪಾತಿಗಿಂತ ಬೋಂಡ ಕರಿಯುವವನ ಗಾಡಿ, ಇಸ್ತ್ರಿ ಅಂಗಡಿ, ಹೂ ಮಾರುವಾಕೆ ಇರುವ ಬೀದಿಯೇ ಆಕೆಗೆ ಧೈರ್ಯ. ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿ ಇರುವ ಜನರ ಕಣ್ಣು ಎಂದು ವಾದಿಸಿದ್ದಳು. ಶಿವಾಜಿನಗರದವರಿಗೆ ಇದನ್ನು ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದನ್ನು ಗೇಲಿ ಮಾಡಿದವರು ಬೇಕಾದಷ್ಟು ಮಂದಿ. ಮನೆಯಿಂದ ಹೊರಗೆ ಬರಲು ಗಂಡನ ಬಳಿ ಚಿಲ್ಲರೆ ಕೇಳಬೇಕಾಗಿದ್ದ ಹೆಂಗಸರಿಗೆ ಅದು ಏನು ಕೊಟ್ಟಿತು ಎಂಬುದನ್ನು ನಮ್ಮ ಮನೆಗಳಲ್ಲೇ ನೋಡಿದ್ದೇವೆ. ಆದರೆ ಬಸ್ಸು ಮನೆ ಬಾಗಿಲಿಗೆ ಬರುವುದಿಲ್ಲ. ಬಸ್ಸು ಹತ್ತುವ ಪ್ರತಿಯೊಬ್ಬಳೂ ಹತ್ತುವ ಮುಂಚೆಯೂ ಇಳಿದ ಮೇಲೂ ಪಾದಚಾರಿಯೇ. ಟಿಕೆಟಿನ ಹಣ ಕೊಟ್ಟ ಸರ್ಕಾರ ಬಸ್ ನಿಲ್ದಾಣಕ್ಕೆ ಹೋಗುವ ಇನ್ನೂರು ಮೀಟರ್ ದಾರಿಯನ್ನು ಮರೆತಿದೆ.

ನಮ್ಮ ಜನರಿಗೆ ಶಿಸ್ತಿಲ್ಲ, ಅದೆಲ್ಲ ಯುರೋಪಿನಲ್ಲಿ ಮಾತ್ರ ಸಾಧ್ಯ ಎನ್ನುವವರಿದ್ದಾರೆ. ನಾರ್ವೆಯ ಓಸ್ಲೋ ನಗರದಲ್ಲಿ 2019ರಲ್ಲಿ ಒಬ್ಬ ಪಾದಚಾರಿಯೂ ಸಾಯಲಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2025ರ ಜುಲೈಗೆ ಮುಗಿದ ಇಡೀ ಒಂದು ವರ್ಷ ರಸ್ತೆಯಲ್ಲಿ ಸಾವೇ ಆಗಲಿಲ್ಲ. ಅಲ್ಲಿನ ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಆ ವೇಗದಲ್ಲಿ ಗಾಡಿ ಬಡಿದರೆ ಹೆಚ್ಚಿನವರು ಬದುಕಿಕೊಳ್ಳುತ್ತಾರೆ ಎಂಬ ಸರಳ ವಿಜ್ಞಾನದ ಮೇಲೆ ಅದು ನಿಂತಿದೆ. ಶ್ರೀಮಂತರ ಊರಿನ ಉದಾಹರಣೆ ಬೇಡ ಎಂದರೆ ಕೊಲಂಬಿಯಾದ ಬೊಗೊಟಾ ಇದೆ. 1998ರಲ್ಲಿ ಮೇಯರ್ ಆದ ಎನ್ರಿಕೆ ಪೆನ್ಯಲೋಸಾ ಫುಟ್‌ಪಾತಿನ ಮೇಲೆ ನಿಲ್ಲುತ್ತಿದ್ದ ಕಾರುಗಳನ್ನು ಎಬ್ಬಿಸಿದಾಗ ಆತನನ್ನೇ ಪದವಿಯಿಂದ ಇಳಿಸಲು ಹೊರಟಿದ್ದರು. ಇನ್ನೂ ಹತ್ತಿರದ್ದು ಬೇಕೆಂದರೆ ಚೆನ್ನೈನ ಪಾಂಡಿ ಬಜಾರ್, 2019ರ ನವೆಂಬರಿನಲ್ಲಿ ಅಲ್ಲಿ ಅಗಲವಾದ ನಡೆದಾರಿ ತೆರೆಯಿತು.

ಕಾನೂನಿಗೂ ಬರವಿಲ್ಲ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಗುರಿಯಾಗಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಹೇಳಿತ್ತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಸುರಕ್ಷತೆಯ ಮಾನದಂಡ ಮೀರಿ ರಸ್ತೆ ಮಾಡಿ ಜನ ಸತ್ತರೆ ವಿನ್ಯಾಸಕಾರ, ಗುತ್ತಿಗೆದಾರ, ಪ್ರಾಧಿಕಾರವನ್ನು ಹೊಣೆ ಮಾಡುತ್ತದೆ. ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ, ಒಂದು ಒಳ್ಳೆಯ ಸ್ಕೂಟರಿನ ಬೆಲೆ. ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನೊಳಗೇ ಬರುತ್ತದೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿ, ಮಾರ್ಗಸೂಚಿ ರೂಪಿಸಲು ಸೂಚಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ದೊಡ್ಡ ಚರ್ಚೆ ನಡೆದದ್ದು ಬೇರೆಯದರ ಬಗ್ಗೆ, ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರಿನ ಸುರಂಗ ರಸ್ತೆ. ಅದರ ಅಂದಾಜು ವೆಚ್ಚ ಹದಿನೇಳು ಸಾವಿರ ಕೋಟಿ ರೂಪಾಯಿಗೂ ಮೇಲೆ. 2016ರಲ್ಲಿ ಉಕ್ಕಿನ ಸೇತುವೆ ಬೇಡವೆಂದು ಜನ ಬೀದಿಗಿಳಿದು, 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತ್ತು. ಮೇಲೆ ಬೇಡವೆಂದರೆ ಕೆಳಗೆ ಎಂದು ನಮ್ಮವರು ಅರ್ಥ ಮಾಡಿಕೊಂಡಂತಿದೆ.

ಇದನ್ನೆಲ್ಲ ಕೇಳುವವರು ಯಾರು? ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಮತ್ತೆ ಚುನಾವಣೆ ನಡೆಯಲೇ ಇಲ್ಲ. ಮುರಿದ ಚಪ್ಪಡಿಯ ಬಗ್ಗೆ ಶಾಸಕರ ಬಳಿ ಹೋದರೆ ಅವರು ಮೇಲ್ಸೇತುವೆಯ ಮಾತಾಡುತ್ತಾರೆ, ಕಾರ್ಪೊರೇಟರ್ ಬಳಿ ಹೋಗೋಣವೆಂದರೆ ಐದು ವರ್ಷ ಕಾರ್ಪೊರೇಟರೇ ಇರಲಿಲ್ಲ. ವಾರ್ಡಿಗೆ ಮತ್ತೆ ಓಟು ಕೇಳಲು ಬಂದವರನ್ನು ಮನೆಯೊಳಗೆ ಕೂರಿಸಿ ಚಹಾ ಕೊಡುವ ಬದಲು ಬಸ್ ನಿಲ್ದಾಣದವರೆಗೆ, ಮಕ್ಕಳ ಶಾಲೆಯವರೆಗೆ ಒಮ್ಮೆ ನಡೆಸಿಕೊಂಡು ಹೋಗುವುದು ಒಳ್ಳೆಯದು.

ಒಂದು ಉಪಯುಕ್ತ ಮಾಹಿತಿ, ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಬಡಿದು ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸತ್ತವರ ಕುಟುಂಬಕ್ಕೆ ಪರಿಹಾರವಿದೆ. 2022ರ ಏಪ್ರಿಲ್ 1ರಿಂದ ಆ ಮೊತ್ತವನ್ನು 25 ಸಾವಿರದಿಂದ ಎರಡು ಲಕ್ಷ ರೂಪಾಯಿಗೆ ಏರಿಸಲಾಗಿದೆ. ತೀವ್ರ ಗಾಯವಾದವರಿಗೆ 50 ಸಾವಿರ. ವಕೀಲರೂ ಬೇಡ, ಕೋರ್ಟೂ ಬೇಡ. ತಾಲೂಕಿನ ಕಂದಾಯ ಅಧಿಕಾರಿಯ ಬಳಿ ಅರ್ಜಿ ಕೊಡಬೇಕು. ಠಾಣೆಯಲ್ಲಿ 'ಅಪರಿಚಿತ ವಾಹನ' ಎಂದು ಬರೆದುಕೊಂಡು ಕಳಿಸಿದಾಗ ಎಷ್ಟೋ ಮನೆಯವರು ಅಲ್ಲಿಗೇ ಕೈಚೆಲ್ಲಿ ಕೂತುಬಿಡುತ್ತಾರೆ.